ಕಪ್ಪು ಬಣ್ಣದ ಅಡಿಯಲ್ಲಿದ್ದ ನಾಲ್ಕು ನಟ್ಟುಗಳು

ಹಳೆಯ ಗಾಡಿಯ ಜಾಬ್ ಕಾರ್ಡಿನಲ್ಲಿ ಮೊದಲ ಸಾಲು ‘ಪೇಂಟ್’ ಎಂದಿದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಸ್ಕತ್‌ನ ಘಲಾ ಸನಾಯ್ಯದ, ಅಂದರೆ ಕೈಗಾರಿಕಾ ಪ್ರದೇಶದ, ಒಂದು ವರ್ಕ್‌ಶಾಪಿನಲ್ಲಿ ನಾನು ಫ್ರಂಟ್ ಎಂಡ್ ಮತ್ತು ಗೇರ್‌ಬಾಕ್ಸ್ ಕೆಲಸ ನೋಡಿಕೊಳ್ಳುತ್ತೇನೆ. ಕುಂದಾಪುರದಲ್ಲಿ ಜೀಪುಗಳ ಕೆಳಗೆ ಮಲಗಿ ಕಲಿತ ವಿದ್ಯೆ ಇಲ್ಲಿ ಲ್ಯಾಂಡ್ ಕ್ರೂಸರ್‌ಗಳ ಕೆಳಗೆ ಮುಂದುವರಿದಿದೆ. ಕೆಳಗೆ ಮಲಗಿದವನಿಗೆ ಕಾಣುವ ಗಾಡಿಯೇ ಬೇರೆ, ಆಫೀಸಿನ ಗಾಜಿನ ಹಿಂದೆ ಕುಳಿತವರಿಗೆ ಕಾಣುವ ಗಾಡಿಯೇ ಬೇರೆ.

ಸಿಟ್ಟು ತರಿಸಿದ ಆ ಗಾಡಿ 1986ರ ಟೊಯೋಟಾ ಲ್ಯಾಂಡ್ ಕ್ರೂಸರ್, ಮಾದರಿ ಎಫ್‌ಜೆ60. ದುಂಡು ಹೆಡ್‌ಲೈಟು, 4.2 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಪಟ್ಟೆ ಸ್ಪ್ರಿಂಗ್. 1980ರಿಂದ 1990ರವರೆಗೆ ಬಂದ ಈ ವ್ಯಾಗನ್‌ಗಳ ಮೇಲೆ ನನಗೆ ಬಹಳ ಗೌರವವಿದೆ. ಬಿಚ್ಚಿದರೆ ಎಲ್ಲವೂ ಕೈಗೆ ಸಿಗುತ್ತದೆ, ಸರಿಯಾಗಿ ಜೋಡಿಸಿದರೆ ಮತ್ತೆ ದಶಕಗಟ್ಟಲೆ ದುಡಿಯುತ್ತದೆ. ಗಾಡಿಯ ಯಜಮಾನರಿಗೆ ಅದು ತಂದೆಯಿಂದ ಬಂದದ್ದು. ಬರ್ಕಾದ ಖರ್ಜೂರದ ತೋಟದಲ್ಲಿ ಶೆಡ್ಡಿನ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಡಿಸೆಂಬರ್‌ನಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿ ಒಮಾನಿನ ದಕ್ಷಿಣದ ಥುಮ್ರೈತ್, ಶಿಸ್ರ್ ದಾಟಿ ಅಲ್ ಹಶ್ಮಾನ್ ಕಡೆಯಿಂದ ರುಬ್ ಅಲ್ ಖಾಲಿಯ ಮರಳಿಗೆ ಇಳಿಯಬೇಕು, ಅದರಲ್ಲಿ ತಂದೆಯ ಗಾಡಿಯೂ ಇರಬೇಕು ಎಂಬುದು ಅವರ ಆಸೆ. ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್ ಹರಡಿದ ಮರಳುಗಾಡು ಅದು. ಶಿಸ್ರ್ ಆಚೆಗೆ ಗಾಡಿ ಕೆಟ್ಟರೆ ಜೊತೆಗಿರುವವರೇ ಗತಿ.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಬರೆದ ಕಾರ್ಡಿನಲ್ಲಿ ಹೀಗಿತ್ತು: ಮಳೆಗಟ್ಟರ್ ಮತ್ತು ಹಿಂಬಾಗಿಲಿನ ತುಕ್ಕು, ಫುಲ್ ಪೇಂಟ್, ಸೀಟು, ಅಂಡರ್‌ಬಾಡಿ ಬ್ಲ್ಯಾಕ್ ಕೋಟ್, ಕೊನೆಯಲ್ಲಿ ‘ಜನರಲ್ ಸರ್ವಿಸ್’. ಮುಂದಿನ ಆಕ್ಸಲಿನ ಎರಡೂ ನಕ್ಕಲ್, ಅಂದರೆ ಚಕ್ರ ಎಡಬಲಕ್ಕೆ ಹೊರಳುವ ಗೆಣ್ಣುಗಳನ್ನು, ಬಿಚ್ಚಬೇಕು ಎಂದು ನಾನು ಮೊದಲ ದಿನವೇ ಹೇಳಿದೆ. ಆಟ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸೋರುತ್ತಿದೆಯೇ ಎಂದರು. ನಿಂತ ಗಾಡಿಯ ಸೀಲು ನಿಂತಲ್ಲೇ ಒಣಗಿ ಬಿರಿಯುತ್ತದೆ, ಓಡಿದ ಮೇಲೆ ಸೋರುತ್ತದೆ, ಈಗ ಒಣಗಿರುವುದು ಒಳ್ಳೆಯ ಲಕ್ಷಣವಲ್ಲ ಎಂದೆ. ಕಂಪ್ಯೂಟರಿನಲ್ಲಿ ನಕ್ಕಲ್ ಓವರ್‌ಹಾಲ್‌ಗೆ ಲೇಬರ್ ಕೋಡ್, ಅಂದರೆ ಕೂಲಿ ಲೆಕ್ಕ ಹಾಕುವ ಸಂಖ್ಯೆ, ಇಲ್ಲ, ಕೋಡ್ ಇಲ್ಲದೆ ಗಂಟೆ ಹಾಕಲಾಗುವುದಿಲ್ಲ, ಗಿರಾಕಿಗೆ ವಾರಕ್ಕೊಮ್ಮೆ ಫೋಟೋ ಕಳುಹಿಸಬೇಕು, ಅದರಲ್ಲಿ ಬದಲಾವಣೆ ಕಾಣಬೇಕು ಎಂಬ ಉತ್ತರ ಬಂತು. ಹೊಸ ಸೀಲಿನ ಫೋಟೋ ಯಾರಿಗೆ ಬೇಕು?

ಹಾಗಾಗಿ ಗಾಡಿ ನೇರವಾಗಿ ಪೇಂಟ್ ಬೂತಿಗೆ ಹೋಯಿತು. ನಮ್ಮ ಪೇಂಟರ್ ಭಟ್ಕಳದವರು, ಈ ಕೆಲಸದಲ್ಲಿ ನನಗಿಂತ ಹಿರಿಯರು, ಕೈಯಲ್ಲಿ ಕಲೆ ಇರುವವರು. ಆಕ್ಸಲ್ ತೊಳೆದು ಬಿಚ್ಚದೆ ಕಪ್ಪು ಹೊಡೆಯುವುದು ಸರಿಯಲ್ಲ ಎಂದು ಅವರೂ ಹೇಳಿದರು. ‘ಕಾರ್ಡಿನಲ್ಲಿ ಇರುವಷ್ಟು ಮಾಡಿ ಭಾಯ್’ ಎಂಬ ಮುದೀರ್ ಮಾತು ಕೇಳಿ ಸುಮ್ಮನಾದರು.

ಗಾಡಿ ನಾನು ಕೆಲಸ ಮಾಡುವ ಜಾಗಕ್ಕೆ ಬಂದಾಗ ಕೆಳಭಾಗ ಹೊಸದರಂತೆ ಹೊಳೆಯುತ್ತಿತ್ತು. ಜನರಲ್ ಸರ್ವಿಸ್ ಎಂಬ ಒಂದೇ ಸಾಲಿನಲ್ಲಿ ಎಷ್ಟು ತುರುಕಬಹುದೋ ಅಷ್ಟನ್ನೂ ತುರುಕಿದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ಒಳಗಿನ ತುಕ್ಕು ತೆಗೆಸಿದೆವು. ರೇಡಿಯೇಟರ್‌ಗೆ ಹೊಸ ಕೋರ್ ಹಾಕಿಸಿದೆವು. ಥರ್ಮೋಸ್ಟಾಟ್ ಜಾಗ ಖಾಲಿ ಇತ್ತು. ಬಿಸಿಯಾಗುವ ಗಾಡಿಯಿಂದ ಅದನ್ನು ಕಿತ್ತೆಸೆಯುವ ಅಭ್ಯಾಸ ಈ ಊರುಗಳಲ್ಲಿ ಬೇರುಬಿಟ್ಟಿದೆ. ಬಿಸಿಯ ಕಾರಣ ಬೇರೆಲ್ಲೋ ಇರುತ್ತದೆ, ಶಿಕ್ಷೆ ಮಾತ್ರ ಥರ್ಮೋಸ್ಟಾಟ್‌ಗೆ. ಹೊಸದನ್ನು ಹಾಕಿದೆ. ಟೈರುಗಳು ಸವೆಯದೇ ಇದ್ದರೂ ಬದಿಯಲ್ಲಿರುವ ನಾಲ್ಕಂಕಿಯ ವಾರ-ವರ್ಷದ ಗುರುತು ಹತ್ತು ವರ್ಷ ಹಿಂದಿನದು. ಐದನ್ನೂ ಬದಲಿಸಲೇಬೇಕು ಎಂದು ಯಜಮಾನರಿಗೆ ತೋರಿಸಿ ಒಪ್ಪಿಸಿದೆ.

ನಕ್ಕಲ್ ವಿಷಯಕ್ಕೆ ಬಂದರೆ, ಬಿಚ್ಚಲು ಅನುಮತಿ ಇಲ್ಲದಿದ್ದರೂ ಹೊರಗಿನಿಂದ ಪರೀಕ್ಷಿಸಲು ಯಾರ ಅನುಮತಿಯೂ ಬೇಡ. ಜ್ಯಾಕ್ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಬಿಗಿ. ಸ್ಟೀರಿಂಗ್ ಆರ್ಮನ್ನು ನಕ್ಕಲ್‌ಗೆ ಹಿಡಿದಿಡುವುದು ಒಂದೊಂದು ಬದಿಗೆ ನಾಲ್ಕು ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು. ಪ್ರತಿಯೊಂದಕ್ಕೂ ನಟ್ಟಿನ ಕೆಳಗೆ ಕೋನ್ ವಾಷರ್, ಅಂದರೆ ಶಂಕುವಿನಾಕಾರದ ಬಳೆ, ಇರುತ್ತದೆ. ಈ ಗಾಡಿಗಳ ಬಲಹೀನತೆ ಇರುವುದು ಅಲ್ಲಿಯೇ ಎಂಬುದು ಕೆಲಸ ಗೊತ್ತಿರುವ ಎಲ್ಲರಿಗೂ ತಿಳಿದದ್ದು. ಗೊತ್ತು ಮಾಡಿದ ಬಿಗಿತ ಮುಟ್ಟಿದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚ್ ಹಾಕಿದೆ. ಎಂಟೂ ನಟ್ಟುಗಳು ಕ್ಲಿಕ್ ಎಂದವು. ಆ ಕ್ಲಿಕ್ ಬಗ್ಗೆ ಮುಂದೆ ಹೇಳುತ್ತೇನೆ.

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ನಮ್ಮಲ್ಲಿ ರೋಡ್ ಟೆಸ್ಟ್ ಎಂದರೆ ಖಾಲಿ ಗಾಡಿಯಲ್ಲಿ ಒಬ್ಬ ಡ್ರೈವರ್ ಹೈವೇಯಲ್ಲಿ ಒಂದು ಸುತ್ತು ಹೊಡೆದು ಬರುವುದು. ಮರಳಿಗೆ ಹೋಗುವ ಗಾಡಿ ಖಾಲಿ ಹೋಗುವುದಿಲ್ಲ. ನೂರು ಲೀಟರ್ ನೀರೆಂದರೆ ನೂರು ಕಿಲೋ. 90 ಲೀಟರಿನ ಟ್ಯಾಂಕು ತುಂಬಿಸಿದ್ದು ಸಾಲದೆ ಜೆರ್ರಿ ಕ್ಯಾನುಗಳು, ಸ್ಪೇರ್ ಟೈರು, ಡೇರೆ, ಜನ. ಆ ಭಾರವೆಲ್ಲ ಹೇರಿ ಶರ್ಕಿಯಾ ಮರಳಿನಲ್ಲಿ ಒಂದು ದಿನ ಓಡಿಸಿ ನೋಡೋಣ ಎಂದೆ. ಅದಕ್ಕೂ ಕೋಡ್ ಇರಲಿಲ್ಲ. ಕೊನೆಗೆ ಯಜಮಾನರೇ ‘ಶುಕ್ರವಾರ ರಜೆಯಲ್ಲಿ ಬರುತ್ತೀಯಾ ಸದೀಕ್ (ಗೆಳೆಯ)?’ ಎಂದು ಕೇಳಿದರು. ಟೂಲ್ ಬಾಕ್ಸ್ ಎತ್ತಿಕೊಂಡು ಹೋದೆ. ಅವರ ತಮ್ಮನ ಹೊಸ ಗಾಡಿ ಹಿಂದೆ ಬಂತು.

ಅಲ್ ವಾಸಿಲ್ ಬಳಿ ಟಾರು ಬಿಟ್ಟ ಮೇಲೆ ಸಾಲು ಸಾಲು ಉಬ್ಬುಗಳೆದ್ದ ಜಲ್ಲಿ ದಾರಿ. ಅಲ್ಲಿ ಗಾಡಿ ತಲೆಯಿಂದ ಬಾಲದವರೆಗೆ ನಡುಗಿತು. ಮರಳಿನ ಅಂಚಿನಲ್ಲಿ ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದೆವು. ಎಂಜಿನ್ ಸೊಗಸಾಗಿ ಎಳೆಯುತ್ತಿತ್ತು, ಟೆಂಪರೇಚರ್ ಮುಳ್ಳು ಕದಲಲಿಲ್ಲ. ಯಜಮಾನರ ಮುಖ ಅರಳಿತ್ತು. ಹಿಂದಿನ ಸೀಟಿನಲ್ಲಿ ಅವರ ಚಿಕ್ಕ ಮಗ ಅಜ್ಜನ ಕಥೆ ಹೇಳುತ್ತಲೇ ಇದ್ದ.

ದೊಡ್ಡದೊಂದು ದಿಬ್ಬದ ನೆತ್ತಿಯಲ್ಲಿ, ಮೂತಿ ಆಚೆಗೆ ಬಾಗಿದ ಸ್ಥಿತಿಯಲ್ಲಿ, ಗಾಡಿ ಹೊಟ್ಟೆ ಊರಿ ನಿಂತಿತು. ಗಾಳಿಗೆ ಬೆನ್ನು ಕೊಟ್ಟ ಆ ಬದಿಯ ಇಳಿಜಾರು ಮೂವತ್ತು ಡಿಗ್ರಿಗೂ ಮೇಲಿರುತ್ತದೆ. ಲೋ ಫಸ್ಟ್‌ನಲ್ಲಿ, ಅಂದರೆ ಅತಿ ನಿಧಾನದ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ನೇರವಾಗಿ ಇಳಿಯಬೇಕು. ಸ್ವಲ್ಪ ಓರೆಯಾದರೂ ಗಾಡಿ ಅಡ್ಡ ಬೀಳುತ್ತದೆ, ಅಡ್ಡ ಬಿದ್ದದ್ದು ಉರುಳುತ್ತದೆ. ಕೆಳಗಿನ ಮರಳು ನೋಡಿ ಕೈಸನ್ನೆ ಮಾಡಲು ನಾನು ಇಳಿದು ಮುಂದೆ ಬಂದು ಬದಿಗೆ ನಿಂತೆ. ಅವರು ಚಕ್ರ ನೇರ ಮಾಡಿಕೊಳ್ಳಲು ಸ್ಟೀರಿಂಗ್ ಆಚೀಚೆ ತಿರುಗಿಸಿದರು.

ಸ್ಟೀರಿಂಗಿನಿಂದ ಆರ್ಮಿಗೆ ಬರುವ ಸರಳು, ಡ್ರ್ಯಾಗ್ ಲಿಂಕ್, ಚಲಿಸಿತು. ಆರ್ಮ್ ಚಲಿಸಿತು. ಚಕ್ರ ಒಂದು ಕ್ಷಣ ತಡೆದು, ಆಮೇಲೆ ಹೊರಳಿತು.

ಎರಡೂ ಕೈ ಎತ್ತಿದೆ. ಅವರು ಅದನ್ನು ‘ಬಾ’ ಎಂದು ತಿಳಿದರೋ ಏನೋ, ಎಂಜಿನ್ ಸದ್ದು ಏರಿತು. ಅರಬ್ಬಿ, ಹಿಂದಿ, ಕನ್ನಡ ಯಾವುದರಲ್ಲಿ ಕೂಗಿದೆನೋ ನೆನಪಿಲ್ಲ. ಸದ್ದು ನಿಂತಿತು. ಗೇರಿನಲ್ಲೇ ಇಟ್ಟು ಎಂಜಿನ್ ಆರಿಸಲು ಹೇಳಿದೆ. ಮೊದಲು ಹುಡುಗನನ್ನು, ಆಮೇಲೆ ಉಳಿದವರನ್ನು, ಹಿಂದಿನ ಬಾಗಿಲುಗಳಿಂದ ಒಬ್ಬೊಬ್ಬರಾಗಿ ಇಳಿಸಿದೆವು. ಮುಂದೆ ಭಾರವಿದ್ದ ಗಾಡಿ ಪ್ರತಿ ಸಲ ಯಾರಾದರೂ ಇಳಿದಾಗ ಸ್ವಲ್ಪ ತೂಗುತ್ತಿತ್ತು. ಕಾಯಿಲ್ ಆಗಲಿ ಪಂಪ್ ಆಗಲಿ ಕೆಟ್ಟರೆ ಗಾಡಿ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಸ್ಟೀರಿಂಗ್ ಆರ್ಮ್ ಕಳಚಿಕೊಂಡರೆ ಗಾಡಿ ನಿಲ್ಲುವುದಿಲ್ಲ. ಒಂದು ಚಕ್ರ ತನಗೆ ತೋಚಿದ ಕಡೆ ಹೋಗುತ್ತದೆ.

ಚಕ್ರದ ಹಿಂದಿನ ಮರಳು ತೋಡಿ ಬದಿಯಿಂದ ತಲೆ ಹಾಕಿದೆ. ಕಪ್ಪು ಬಣ್ಣ ಆರ್ಮಿನ ಸುತ್ತ ಒಂದು ಗೆರೆಯಾಗಿ ಬಿರಿದಿತ್ತು. ಆ ಬಿರುಕಿನಿಂದ ಕೆಂಪು ತುಕ್ಕಿನ ಪುಡಿ ಉದುರುತ್ತಿತ್ತು. ಗೇರ್ ಆಯಿಲ್ ವಾಸನೆ ಮೂಗಿಗೆ ಹೊಡೆಯಿತು. ಎರಡು ಸ್ಟಡ್ ತುಂಡಾಗಿದ್ದವು. ಉಳಿದೆರಡರ ನಟ್ಟುಗಳು ಬೆರಳಿಗೇ ತಿರುಗಿದವು.

‘ನೇರ ಇಳಿಸಿಬಿಡೋಣ, ಕೆಳಗೆ ಸಮತಟ್ಟಿದೆ’ ಎಂದರು ತಮ್ಮ. ಆಗುವುದಿಲ್ಲ ಎಂದೆ. ಯಜಮಾನರು ನನ್ನ ಪಕ್ಕದಲ್ಲೇ ಮರಳಿನಲ್ಲಿ ಮಲಗಿ ಆ ನಟ್ಟನ್ನು ತಾವೇ ಬೆರಳಿನಿಂದ ತಿರುಗಿಸಿ ನೋಡಿದರು. ಆಮೇಲೆ ವಾದವಿರಲಿಲ್ಲ. ಎರಡು ಕೋನ್ ವಾಷರ್‌ಗಳನ್ನು ಸುತ್ತಿಗೆಯಿಂದ ಕೂರಿಸಿ, ನಟ್ಟು ಬಿಗಿದು, ನಟ್ಟಿನಿಂದ ಆರ್ಮಿನವರೆಗೆ ಚಾಕ್‌ನಲ್ಲಿ ಗೆರೆ ಎಳೆದೆ. ಹೊಟ್ಟೆಯ ಕೆಳಗಿನ ಮರಳು ತೆಗೆದು, ಮೇಲಿನ ರ‍್ಯಾಕ್‌ನ ಸಾಮಾನು ಇಳಿಸಿ, ಹಿಂದಿನಿಂದ ಪಟ್ಟಿ ಕಟ್ಟಿ ತಮ್ಮನ ಗಾಡಿಯಿಂದ ಎಳೆಸಿದೆವು. ಮೊದಲ ಎಳೆತ ಜಗ್ಗುವಿಕೆಯಾಯಿತು, ಮೂತಿ ಪಕ್ಕಕ್ಕೆ ಸರಿಯಿತು. ನಾನು ಕಂಡಾಪಟ್ಟೆ ಬೈದೆ. ಎರಡನೆಯದನ್ನು ಅವರು ನಿಧಾನವಾಗಿ ಎಳೆದರು, ಗಾಡಿ ಹಿಂದಕ್ಕೆ ಬಂತು. ಅಲ್ಲಿಂದ ಟಾರಿನವರೆಗೆ ಲೋ ಗೇರಿನಲ್ಲಿ ಯಜಮಾನರು ಓಡಿಸಿದರು, ನಾನು ಆ ಚಾಕ್ ಗೆರೆ ನೋಡುತ್ತ ಪಕ್ಕದಲ್ಲಿ ನಡೆದೆ. ಗೆರೆ ಸರಿದಾಗಲೆಲ್ಲ ನಿಲ್ಲಿಸಿ ಬಿಗಿದೆ. ಟಾರಿನಲ್ಲಿ ಕೆಟ್ಟ ಗಾಡಿ ಹೊರುವ ರಿಕವರಿ ಲಾರಿ ಕಾಯುತ್ತಿತ್ತು.

ಶನಿವಾರವೇ ನಕ್ಕಲ್ ಬಿಚ್ಚಿದೆ. ಈ ಸಲ ಯಾರೂ ಕೋಡ್ ಕೇಳಲಿಲ್ಲ. ಹಬ್ ನಟ್ಟಿನ ಸುತ್ತ ಉಳಿಯ ಗಾಯಗಳಿದ್ದವು. 54 ಎಂಎಂ ಸಾಕೆಟ್ ಇಲ್ಲದೆ ಯಾರೋ ಉಳಿ ಸುತ್ತಿಗೆಯಲ್ಲಿ ಬಿಚ್ಚಿ ಕಟ್ಟಿದ್ದರು. ಹಬ್ ಮುಚ್ಚಿದ್ದರೆ ಆ ಗಾಯ ಕಾಣುವುದೇ ಇಲ್ಲ. ಆಕ್ಸಲಿನ ಒಳಸೀಲು ಹರಿದು, ಡಿಫರೆನ್ಶಿಯಲ್ ಎಣ್ಣೆ ನಕ್ಕಲ್‌ಗೆ ಹರಿದು, ಗ್ರೀಸು ಗಂಜಿ ತಿಳಿಯಂತಾಗಿತ್ತು. ಹೊಸ ಬಣ್ಣವೇ ಆ ಸೋರಿಕೆಯನ್ನು ಅಷ್ಟು ದಿನ ಒಳಗೆ ಹಿಡಿದಿತ್ತು. ನಕ್ಕಲ್ ಹೊರಳುವ ಕಿಂಗ್‌ಪಿನ್ ಬೇರಿಂಗಿನ ಹೊರಬಳೆಯಲ್ಲಿ ನೇರ ಓಡುವ ಸ್ಥಾನಕ್ಕೇ ರೋಲರ್‌ಗಳು ಗುಳಿ ಬೀಳಿಸಿದ್ದವು. ಸ್ಟಡ್ ತೂತುಗಳ ತುಂಬ ಎಣ್ಣೆ.

ಈಗ ಆ ಕ್ಲಿಕ್. ಟಾರ್ಕ್ ರೆಂಚ್ ಅಳೆಯುವುದು ನಟ್ಟು ತಿರುಗಲು ಎಷ್ಟು ತಡೆಯುತ್ತಿದೆ ಎಂಬುದನ್ನು. ಒಳಗಿನ ಎರಡು ಭಾಗಗಳನ್ನು ಅದು ಎಷ್ಟು ಬಲವಾಗಿ ಒತ್ತಿ ಹಿಡಿದಿದೆ ಎಂಬುದು ರೆಂಚ್‌ಗೆ ಗೊತ್ತಾಗುವುದಿಲ್ಲ. ತುಕ್ಕು ಹಿಡಿದ ಪಿರಿಗೆ, ಅದರ ಮೇಲೆ ಒಣಗಿದ ದಪ್ಪ ಬಣ್ಣ ಸೇರಿದರೆ ನಟ್ಟು ಕದಲದೆ ನಿಂತು ಕ್ಲಿಕ್ ಕೊಡುತ್ತದೆ, ಕೆಳಗಿನ ಕೋನ್ ಸಡಿಲವಾಗಿಯೇ ಇರುತ್ತದೆ. ಜಲ್ಲಿ ದಾರಿಯ ನಡುಕ ಬಿದ್ದದ್ದೇ ತಡ, ಬಣ್ಣದ ಹಿಡಿತ ಬಿಟ್ಟಿತು. ಆಮೇಲೆ ಭಾರವೆಲ್ಲ ಸ್ಟಡ್‌ಗಳನ್ನು ಕತ್ತರಿಸುವ ದಿಕ್ಕಿನಲ್ಲಿ ಬಿತ್ತು. ಹಳೆಯ ಗಾಡಿಯಲ್ಲಿ ನಟ್ಟನ್ನು ಪರೀಕ್ಷಿಸುವುದೆಂದರೆ ಪೂರ್ತಿ ಬಿಚ್ಚಿ, ಪಿರಿ ತೊಳೆದು, ಮತ್ತೆ ಬಿಗಿಯುವುದು. ಬಣ್ಣದ ಮೇಲೆ ರೆಂಚ್ ಇಟ್ಟು ಕೇಳಿದ ಸದ್ದನ್ನು ನಾನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಲ್ಪರ್ ಹುಡುಗರಿಗೂ ಇದನ್ನೇ ಕಲಿಸುತ್ತೇನೆ.

ಎರಡೂ ಬದಿ ಹೊಸ ಸೀಲು, ಬೇರಿಂಗು, ಸ್ಟಡ್ಡು, ಕೋನ್ ಹಾಕಿದೆವು. ಹೊರಳುವ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ಬರ್ಫೀಲ್ಡ್ ಜಾಯಿಂಟುಗಳ ಒಳತೋಡುಗಳು ಒಂದು ಮುಖಕ್ಕೆ ಮಾತ್ರ ಸವೆದಿದ್ದವು. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಸವೆಯದ ಮುಖಕ್ಕೆ ಕೆಲಸ ಕೊಟ್ಟೆ. ಕೋನ್ ತಟ್ಟು, ಬಿಗಿ, ಮತ್ತೆ ತಟ್ಟು, ಮತ್ತೆ ಬಿಗಿ. ನಟ್ಟು ಇನ್ನು ತಿರುಗುವುದಿಲ್ಲ ಎನ್ನುವವರೆಗೆ. ಆಕ್ಸಲಿನ ಕಪ್ಪು ಬಣ್ಣವನ್ನು ಪೂರ್ತಿ ಕೆರೆದು ಪೇಂಟರ್ ಭಾಯ್ ಮತ್ತೆ ಹೊಡೆಯಬೇಕಾಯಿತು. ಅವರ ಎರಡು ದಿನದ ದುಡಿಮೆ ಹೀಗೆ ವ್ಯರ್ಥವಾದದ್ದು ನನಗೆ ಬೇಸರದ ಸಂಗತಿ. ಮುದೀರ್ ಕೇಳಿದ ಮೊದಲ ಪ್ರಶ್ನೆ ರಿಕವರಿಯ ದುಡ್ಡು ಯಾರು ಕೊಡುತ್ತಾರೆ ಎಂಬುದು. ಎರಡನೆಯದು, ಟಾರ್ಕ್ ಚೆಕ್ ಎಂದು ಸಹಿ ಹಾಕಿದ್ದು ನೀನಲ್ಲವೇ ಎಂಬುದು. ಸಹಿ ನನ್ನದೇ, ಬಿಚ್ಚಬೇಡ ಎಂದ ಮಾತು ಯಾರದು ಎಂದು ಕೇಳಿದೆ. ಉತ್ತರ ಬರಲಿಲ್ಲ. ದುಡ್ಡನ್ನು ಯಜಮಾನರು ಕೇಳುವ ಮೊದಲೇ ಕೊಟ್ಟಿದ್ದರು.

ಡಿಸೆಂಬರ್‌ನಲ್ಲಿ ಗಾಡಿ ಹೋಗಿ, ಜನವರಿಯಲ್ಲಿ ತಾನೇ ಓಡಿಕೊಂಡು ಬಂತು. ಎಂಟು ನಟ್ಟುಗಳಲ್ಲಿ ಎರಡು ಮಾತ್ರ ತುಸು ತಿರುಗಿದವು. ಹೊಸ ಕೋನ್ ಕೂತುಕೊಳ್ಳುವಾಗ ಅಷ್ಟು ಸಹಜ. ಆದ್ದರಿಂದ ಆಯಿಲ್ ಚೇಂಜ್ ಸ್ಟಿಕರಿನ ಕೆಳಗೆ ‘1000 ಕಿ.ಮೀ.ಗೆ ನಕ್ಕಲ್ ನಟ್ಟು’ ಎಂದು ಕೈಯಲ್ಲಿ ಬರೆದು ಅಂಟಿಸುತ್ತೇನೆ. ಕಂಪ್ಯೂಟರಿನಲ್ಲಿ ಆ ಕೆಲಸಕ್ಕೆ ಕೋಡ್ ಇನ್ನೂ ಬಂದಿಲ್ಲ. ಅದು ಬರುವವರೆಗೆ, ಹಳೆಯ ಗಾಡಿ ಯಾವುದೇ ಬರಲಿ, ನಾನು ಮುಂದಿನ ಆಕ್ಸಲ್ ತೊಳೆದು ನೋಡಿ ‘ಸರಿ’ ಎನ್ನುವವರೆಗೆ ತಾವು ಅಂಡರ್‌ಬಾಡಿಗೆ ಪೇಂಟ್ ಗನ್ ಎತ್ತುವುದಿಲ್ಲ ಎಂದು ಪೇಂಟರ್ ಭಾಯ್ ಹೇಳಿದ್ದಾರೆ. ಮುದೀರ್‌ಗೂ ಅದನ್ನು ಅವರೇ ಹೋಗಿ ತಿಳಿಸಿ ಬಂದರು.