ಜೋಕಾಲಿ ಬೇರೆ, ಗುಂಡಿ ಬೇರೆ
ನನ್ನ ಮಗನಿಗೆ ಈಗ ಎಂಟು ವರ್ಷ. ಒಂದನೇ ಇಯತ್ತೆಯಲ್ಲಿದ್ದಾಗ ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ಅಷ್ಟಾದ ಮೇಲೂ ಒಂದು ಗುಂಡಿ ಇನ್ನೊಂದರ ಕಾಜಾದಲ್ಲಿ! ಸಪಾಟು ನೆಲದಲ್ಲಿ ಎಡವುತ್ತಿದ್ದ, ಲೋಟ ಎತ್ತಿದರೆ ಅರ್ಧ ನೀರು ಚೆಲ್ಲುತ್ತಿತ್ತು, ಚೆಂಡು ಎಸೆದರೆ ಅದು ಎದೆಗೆ ಬಡಿದ ಮೇಲೆ ಕೈ ಮುಚ್ಚುತ್ತಿದ್ದ. ಮಗ್ಗಿ ಬಾಯಲ್ಲಿ ಹೇಳು ಅಂದರೆ ಗಡಗಡ. ಬರೆ ಅಂದರೆ ಅಳು.

ನಮ್ಮ ಅತ್ತೆ "ದೃಷ್ಟಿ ಆಗೇದ, ಉಪ್ಪು ಮೆಣಸಿನಕಾಯಿ ಇಳಿಸು" ಅಂದರು. ಇಳಿಸಿದೆ, ಸುಳ್ಳು ಯಾಕೆ ಹೇಳಲಿ. ಶಾಲೆಯಲ್ಲಿ ಆಲಸಿ ಅಂದರು. ಅದು ಜಾಸ್ತಿ ನೋವಾಯಿತು.

ಕಣ್ಣು, ನರ, ಸ್ನಾಯು ಎಲ್ಲ ನೋಡಿಸಿದ ಮೇಲೆ ಮಕ್ಕಳ ಡಾಕ್ಟರ್ ಹೇಳಿದ ಹೆಸರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಸಣ್ಣದಾಗಿ ಡಿಸಿಡಿ. ಡಿಸ್ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. ಬುದ್ಧಿ ಕಮ್ಮಿ ಅಂತಲ್ಲ, ಕೈಕಾಲಿನಲ್ಲಿ ಶಕ್ತಿ ಇಲ್ಲ ಅಂತಲೂ ಅಲ್ಲ. ಯಾವ ಚಲನೆ ಮೊದಲು, ಯಾವುದು ಆಮೇಲೆ, ಎಷ್ಟು ಜೋರು ಅನ್ನೋ ಲೆಕ್ಕ ತಾನಾಗಿ ಕೂಡಿಬರುವುದಿಲ್ಲ, ಅಷ್ಟೇ. ಶಾಲೆಗೆ ಹೋಗುವ 100 ಮಕ್ಕಳಲ್ಲಿ 5-6 ಮಂದಿಗೆ ಇದು ಇರುತ್ತದಂತೆ. ಅಂದರೆ 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ನಮ್ಮವನ ಜೊತೆಗೆ ಬೈಸಿಕೊಳ್ಳುತ್ತಿದ್ದ ಇನ್ನೊಬ್ಬ ಯಾರಿರಬಹುದು ಅಂತ ಆವತ್ತು ರಾತ್ರಿ ಸುಮ್ನೆ ಯೋಚಿಸುತ್ತಾ ಮಲಗಿದ್ದೆ.

ಆಮೇಲೆ ಶುರುವಾಯಿತು ಥೆರಪಿ ಓಡಾಟ. ಪ್ರತಿ ಶನಿವಾರ ಬಾಗಲಕೋಟೆಯಿಂದ ಹುಬ್ಬಳ್ಳಿ ಬಸ್ಸು. ಒಂದು ಸೆಂಟರಿನಲ್ಲಿ ಮೆತ್ತನೆ ಗಾದಿ, ಜೋಕಾಲಿ, ದೊಡ್ಡ ಚೆಂಡು, ಭಾರದ ಜಾಕೆಟ್ಟು. ಸೆನ್ಸರಿ ಇಂಟಿಗ್ರೇಷನ್ ಅಂದರು. ಇದರ ಮೂಲ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವವರು) ಜೀನ್ ಏರ್ಸ್. ಸಮತೋಲ ತಿಳಿಸುವುದು ಒಳಕಿವಿ, ಕೈಕಾಲು ಎಲ್ಲಿವೆ ಅಂತ ಕಣ್ಣುಮುಚ್ಚಿದರೂ ತಿಳಿಸುವುದು ಸ್ನಾಯು ಮತ್ತು ಕೀಲು, ಈ ಸುದ್ದಿಗಳನ್ನೆಲ್ಲ ಮಿದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಚಲನೆಯೂ ಕಲಿಕೆಯೂ ಎಡವುತ್ತವೆ ಅನ್ನೋದು ಆಕೆಯ ವಿಚಾರ. ಕೇಳಲು ಸರಿ ಅನಿಸಿತು. ಮಗನಿಗಂತೂ ಖುಷಿಯೋ ಖುಷಿ.

ನಾಲ್ಕು ತಿಂಗಳಾಯಿತು. ಜೋಕಾಲಿ ಮೇಲಿನ ಹೆದರಿಕೆ ಹೋಯಿತು, ಹಟ ಕಮ್ಮಿಯಾಯಿತು. ಗುಂಡಿ? ಅಲ್ಲೇ ಇತ್ತು. ಕೇಳಿದರೆ ಇನ್ನೊಂದು ಪ್ಯಾಕೇಜ್ ತಗೊಳ್ಳಿ ಅಂದರು. ನಮ್ಮೂರಲ್ಲಿ ಪಂಚಮಿ ಬಂದರೆ ಬೇವಿನ ಮರಕ್ಕೆ ಹಗ್ಗ ಕಟ್ಟಿ ಬಿಟ್ಟಿಯಾಗಿ ತೂಗುವುದಕ್ಕೆ ಇಲ್ಲಿ ತಾಸಿಗೆ ಇಷ್ಟು ಅಂತ ಕೊಡುತ್ತಿದ್ದೇನಲ್ಲ ಅಂತ ಹೊಟ್ಟೆ ಉರಿಯಿತು. (ಹಾಗಂತ ಪಂಚಮಿ ಜೋಕಾಲಿಯೇ ಥೆರಪಿ ಅಂತ ನಾನು ಹೇಳುತ್ತಿಲ್ಲ, ವಾಟ್ಸಾಪಿಗೆ ಹಾಕಬೇಡಿ.)

ಬೇರೆ ಕಡೆ ಒಬ್ಬ ಥೆರಪಿಸ್ಟ್ ಹುಡುಗಿ ಸಿಕ್ಕಳು. ಎಲ್ಲ ಕೇಳಿಸಿಕೊಂಡು ಅಂದಳು, "ಅಕ್ಕಾರ, ಗುಂಡಿ ಬರಬೇಕಂದ್ರ ಗುಂಡಿನೇ ಹಚ್ಚಬೇಕ್ರಿ." ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆಯಂತೆ, ಸೆನ್ಸರಿ ಥೆರಪಿಯನ್ನು ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಅದಕ್ಕಿರುವ ಪುರಾವೆ ಕಮ್ಮಿ, ಉಪಯೋಗ ಆಗ್ತಿದೆಯಾ ಅಂತ ನೋಡುತ್ತಾ ಇರಿ ಅಂತ. ಡಿಸಿಡಿ ಬಗ್ಗೆ 2019ರಲ್ಲಿ ಬಂದ ಅಂತಾರಾಷ್ಟ್ರೀಯ ಶಿಫಾರಸುಗಳು ಕೂಡ ಮಗುವಿಗೆ ಬೇಕಾದ ಕೆಲಸವನ್ನೇ ಹಿಡಿದು ಕಲಿಸಿ ಅನ್ನುತ್ತವೆ. ಈ ಮಾತು ಮೊದಲೇ ಯಾರಾದರೂ ಹೇಳಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು, ಅಲ್ವಾ?

ಅವಳು ಕಲಿಸಿದ ರೀತಿ ನೋಡಿ. ಮೊದಲು ಮೈಮೇಲಿನ ಅಂಗಿ ಬೇಡ, ಅಜ್ಜನ ಸ್ವೆಟರ್ ತೊಡೆ ಮೇಲೆ ಹಾಸಿಕೊಂಡು ಕೂರು, ಅದರ ಗುಂಡಿ ದೊಡ್ಡವು. ಗುಂಡಿಯನ್ನು ಅರ್ಧ ಕಾಜಾದಲ್ಲಿ ತೂರಿಸುವ ತನಕ ನಾನು ಮಾಡುವುದು, ಕೊನೆಯ ಎಳೆತ ಮಾತ್ರ ಅವನದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ, ಹೀಗೆ ಹಿಂದಿನಿಂದ ಮುಂದಕ್ಕೆ. ತಪ್ಪಿದರೆ ನಾನು ತಿದ್ದುವ ಹಾಗಿಲ್ಲ, "ಏನಾತು, ಈಗ ಏನ್ ಮಾಡೋಣ?" ಅಂತ ಕೇಳಬೇಕು. ಬಾಯಿ ಮುಚ್ಚಿಕೊಂಡು ಕೂರುವುದು ನನಗೇ ಕಷ್ಟವಾಯಿತು. ಮೂರನೇ ವಾರ ಅವನೇ ಹೇಳಿದ, "ಅವ್ವಾ, ಕೆಳಗಿಂದ ಚಾಲೂ ಮಾಡಿದ್ರ ತಪ್ಪಂಗಿಲ್ಲ." ಹೌದಲ್ಲ! ಕೆಳಗಿನ ತುದಿ ಕಣ್ಣಿಗೆ ಕಾಣುತ್ತದೆ, ಕುತ್ತಿಗೆಯ ಹತ್ತಿರದ್ದು ಕಾಣುವುದಿಲ್ಲ. ಮೂವತ್ತೈದು ವರ್ಷದಿಂದ ಗುಂಡಿ ಹಾಕುತ್ತಿರುವ ನನಗೆ ಇದು ಹೊಳೆದಿರಲಿಲ್ಲ.

ಜೋಕಾಲಿ ಬಿಟ್ಟಿಲ್ಲ, ಅವನಿಗೆ ಇಷ್ಟ ಅಂತ. ಸಂಜೆ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಾನೆ, ಒಂದು ಸಣ್ಣ ರೊಟ್ಟಿ ಬಡಿಯುತ್ತಾನೆ. ಕರ್ನಾಟಕದ ನಕಾಶೆಯಂತೆ ಇರುತ್ತದೆ, ಅವರಪ್ಪ ತಿನ್ನುತ್ತಾರೆ.

ದುಡ್ಡಿಲ್ಲದವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಜಿಲ್ಲಾ ಕೇಂದ್ರ, ಎಲ್ಲಿದೆ ಅಂತ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದ ತನಕ ತಪಾಸಣೆ ಉಚಿತ. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಗಳ ಸಾಲಿನಲ್ಲಿ ಡಿಸ್ಪ್ರಾಕ್ಸಿಯಾ ಅನ್ನೋ ಪದ ಇದೆ. ಶಾಲೆಯವರ ಹತ್ತಿರ ಪರೀಕ್ಷೆಗೆ ಜಾಸ್ತಿ ಸಮಯ ಕೇಳುವಾಗ ನಾನು ಆ ಪುಟದ ಝೆರಾಕ್ಸ್ ಹಿಡಿದುಕೊಂಡೇ ಹೋಗಿದ್ದೆ.

ಈ ವರ್ಷ ಶೂ ತರಲು ಹೋದಾಗ ವೆಲ್ಕ್ರೋದ್ದು ಬೇಡವೇ ಬೇಡ, ಲೇಸಿಂದೇ ಬೇಕು ಅಂತ ಅಂಗಡಿಯಲ್ಲೇ ಹಟ ಹಿಡಿದ. ವ್ಯಾನು ಬರುವುದು ಎಂಟಕ್ಕೆ. ನಾವು ಏಳಕ್ಕೇ ಹೊಸ್ತಿಲ ಮೇಲೆ ಕೂರುತ್ತಿದ್ದೇವೆ.