ಹೆಬ್ಬೆರಳು ಕಾಣುವ ಹಾಗೆ

ಬೆಳಗಿನ ಹನ್ನೊಂದು ಗಂಟೆಗೆ ಅಮೆರಿಕದ ಮಿಸಿಸಿಪಿ ರಾಜ್ಯದ ರೂಲ್‌ವಿಲ್‌ನ ಪೇಟೆ ಬೀದಿಯಲ್ಲಿ ನಾವಿಬ್ಬರೇ ನಿಂತಿದ್ದೆವು. ನನ್ನ ಕೈಯಲ್ಲಿ ಮೊಬೈಲ್, ಅದರ ತೆರೆಯಲ್ಲಿ ಕೆಲವೇ ಸೆಕೆಂಡುಗಳ ಹಳೆಯ ಮೂಕಚಿತ್ರ. ಚಿತ್ರಮಂದಿರವೊಂದರ ಮುಂದೆ ಕರಿಯ ಯುವಕನೊಬ್ಬ ಗಿಟಾರ್ ಮೀಟುತ್ತಿದ್ದಾನೆ. ಕೊರಳಿಗೆ ತೂಗುಹಾಕಿದ ಚೌಕಟ್ಟಿನಲ್ಲಿ ಹಾರ್ಮೋನಿಕಾ.

“ಅಕ್ಕ, ಇದು ಇದೇ ಬೀದಿಯೇ?” ಎಂದಳು ತಂಗಿ.

ಇದೇ ಊರು. ಯಾವ ಕಟ್ಟಡದ ಮುಂದೆ ಎಂದು ಕೇಳೋಣವೆಂದರೆ ಹೊರಗೆ ನರಪಿಳ್ಳೆ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಈ ತುಣುಕು ಹೊರಬಿದ್ದಾಗ, ಇಲ್ಲಿನ ಕರಿಯರ ಜನಪದ ಸಂಗೀತವಾದ ಬ್ಲೂಸ್‌ನ ಪ್ರಿಯರಿಗೆ ಎದೆ ನಿಂತ ಹಾಗಾಗಿತ್ತಂತೆ. ಇವನು ರಾಬರ್ಟ್ ಜಾನ್ಸನ್ ಇರಬಹುದು ಎಂಬ ಸುದ್ದಿ ಹಬ್ಬಿತ್ತು. 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 27ನೆಯ ವಯಸ್ಸಿಗೇ ತೀರಿಹೋದ ಜಾನ್ಸನ್ ಓಡಾಡುವುದನ್ನು, ನುಡಿಸುವುದನ್ನು ತೋರಿಸುವ ಒಂದು ಅಡಿ ಫಿಲ್ಮ್ ಕೂಡ ಇಲ್ಲ. ಆದರೆ ಆ ತುಣುಕಿನ ಹಿನ್ನೆಲೆಯಲ್ಲಿ ಒಂದು ಸಿನಿಮಾ ಪೋಸ್ಟರ್ ಕಾಣುತ್ತದೆ. ಆ ಸಿನಿಮಾ ತೆರೆಕಂಡದ್ದು 1941ರಲ್ಲಿ. ಜಾನ್ಸನ್ ಸತ್ತದ್ದು 1938ರ ಆಗಸ್ಟ್‌ನಲ್ಲಿ. ಅಲ್ಲಿಗೆ ವಿಚಾರ ಮುಗಿಯಿತು.

ನನಗೆ ಮಾತ್ರ ಮುಗಿದಿಲ್ಲ. ಇವನು ಜಾನ್ಸನ್ ಅಲ್ಲ ಎಂದು ಗೊತ್ತಾದ ಕೂಡಲೇ ಎಲ್ಲರೂ ಮುಖ ತಿರುಗಿಸಿದರು. ಹಾಗಾದರೆ ಇವನು ಯಾರು? ಹತ್ತಿ ಬಿಡಿಸಿ ದಣಿದವರು ಶನಿವಾರ ಪೇಟೆಗೆ ಬಂದಾಗ ನಾಲ್ಕು ಕಾಸಿಗಾಗಿ ನುಡಿಸುತ್ತಿದ್ದವನಿರಬೇಕು. ಅವನ ಕೈ ನನ್ನ ಕಣ್ಣೆದುರಿಗೆ ಆಡುತ್ತಿದೆ. ದನಿಯಿಲ್ಲ, ಹೆಸರಿಲ್ಲ. ನಾನು ಆರು ವರ್ಷಗಳಿಂದ ಇಂಥ ತುಣುಕುಗಳನ್ನು ನೋಡಿ ನೋಡಿಯೇ ಗಿಟಾರ್ ಕಲಿಯುತ್ತಿರುವವಳು. ಅವನಿಗೊಂದು ನಮಸ್ಕಾರ ಸಲ್ಲಿಸದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಮೆಂಫಿಸ್‌ನಲ್ಲಿರುವ ತಂಗಿ ನಾಲ್ಕು ದಿನ ರಜೆ ಹಾಕಿ ಕಾರು ಓಡಿಸಲು ಒಪ್ಪಿದ್ದರಿಂದ ಈ ಪ್ರಯಾಣ ಕೈಗೂಡಿತು. ಕಳೆದ ಅಕ್ಟೋಬರ್. 61ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಮಿಸಿಸಿಪಿಯ ಡೆಲ್ಟಾ ರೊಟ್ಟಿಯ ಹಂಚಿನಂತೆ ಸಪಾಟು. ಎರಡೂ ಕಡೆ ಕೊಯ್ಲಾದ ಹತ್ತಿ ಹೊಲ, ಪ್ಲಾಸ್ಟಿಕ್ ಸುತ್ತಿದ ಆಳೆತ್ತರದ ಹತ್ತಿಯ ಉರುಳೆಗಳು, ರಸ್ತೆಯಂಚಿನ ಹುಲ್ಲಿಗೆ ಅಂಟಿದ ಬಿಳಿಯ ಎಳೆಗಳು. ಕ್ಲಾರ್ಕ್ಸ್‌ಡೇಲ್‌ನ ಹಳೆಯ ರೈಲ್ವೆ ಸರಕು ಕಟ್ಟಡದಲ್ಲಿರುವ ಬ್ಲೂಸ್ ಸಂಗ್ರಹಾಲಯದಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಬಾಳಿದ ಮರದ ಗುಡಿಸಲನ್ನು ನೋಡಿದೆವು. ಚೆನ್ನಾಗಿದೆ. ಆದರೆ ಗಾಜಿನ ಹಿಂದಿನ ಗಿಟಾರ್‌ಗಳು ಮಾತಾಡುವುದಿಲ್ಲ. ಒಂದು ರಾತ್ರಿ ಅಲ್ಲೇ ಉಳಿದು ಹೊರಟೆವು.

ಧ್ವನಿಮುದ್ರಿಕೆ ಇರುವಾಗ ಚಿತ್ರವೇ ಏಕೆ ಬೇಕು ಎಂದು ತಂಗಿ ದಾರಿಯಲ್ಲಿ ಕೇಳಿದಳು. ಬ್ಲೂಸ್ ಗಾಯಕ ಸನ್ ಹೌಸ್‌ನ ಗ್ರಾಮಫೋನ್ ತಟ್ಟೆಯನ್ನು ಕೇಳಿದರೆ ಗಿಟಾರ್ ಒಡೆಯುತ್ತಿದ್ದಾನೆ ಎನ್ನಿಸುತ್ತದೆ. ಚಿತ್ರದಲ್ಲಿ ನೋಡಿದಾಗ ತಿಳಿಯುತ್ತದೆ: ಬಲಗೈ ಮಣಿಕಟ್ಟಿನಿಂದ ಕಳಚಿಕೊಂಡಂತೆ ಬೀಸಿ ಬಂದು ತಂತಿಗೆ ಅಪ್ಪಳಿಸಿ, ಅದನ್ನು ಮೇಲಕ್ಕೆಳೆದು ಬಿಡುತ್ತದೆ. ಎಡಗೈ ಬೆರಳಿಗೆ ತೊಟ್ಟ ಕೊಳವೆ ತಂತಿಯ ಮೇಲೆ ನಡುಗುತ್ತಾ ಜಾರುತ್ತದೆ. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡು ಜಾರುವ ಹಾಗೆಯೇ, ಮೆಟ್ಟಿಲುಗಳಿಲ್ಲದ ಸ್ವರ. ಕಿವಿಗೆ ಗಲಿಬಿಲಿಯಾಗಿ ಕೇಳಿದ್ದು ಕಣ್ಣಿಗೆ ವಿದ್ಯೆಯಾಗಿ ಕಾಣುತ್ತದೆ.

ಆದರೆ ಕ್ಯಾಮೆರಾ ಈ ಹಳ್ಳಿಗಳಿಗೆ ಬಂದದ್ದು ತೀರ ತಡವಾಗಿ. 1934ರಲ್ಲಿ ತೀರಿಹೋದ ಚಾರ್ಲಿ ಪ್ಯಾಟನ್ ಗಿಟಾರನ್ನು ಬೆನ್ನ ಹಿಂದೆ, ಕಾಲುಗಳ ನಡುವೆ ಹಿಡಿದು ನುಡಿಸುತ್ತಿದ್ದನಂತೆ. ಅದನ್ನು ಕಂಡವರ ಮಾತಷ್ಟೇ ಉಳಿದಿದೆ. ಅವನು ಇದ್ದ ಡಾಕರಿ ತೋಟ ರೂಲ್‌ವಿಲ್‌ಗೆ ಹತ್ತಿರ. ಅಲ್ಲಿನ ಹತ್ತಿ ಉಗ್ರಾಣದ ಮುಂದೆ ಐದು ನಿಮಿಷ ನಿಂತೆವು. ಕ್ಯಾಮೆರಾ ಬಂದ ಕಡೆಯೂ ನ್ಯಾಯವಾಗಿ ಬರಲಿಲ್ಲ. ಲೂಸಿಯಾನದ ಲೆಡ್‌ಬೆಲಿಯಂಥ ದೈತ್ಯ ಕಲಾವಿದ 1935ರ ವಾರ್ತಾಚಿತ್ರದಲ್ಲಿ ಮತ್ತೆ ಜೈಲಿನ ಕೈದಿಯಾಗಿ ನಟಿಸಬೇಕಾಯಿತು. ಆ ದೃಶ್ಯವನ್ನು ನಾನು ಎರಡನೆಯ ಸಲ ನೋಡಿಲ್ಲ.

ಗ್ರೀನ್‌ವುಡ್‌ನಲ್ಲಿ ರಾತ್ರಿ ಉಳಿದು, ಮರುದಿನ ಉತ್ತರಕ್ಕೆ ತಿರುಗಿ ಅವಲಾನ್‌ಗೆ ಹೋದೆವು. ನನ್ನ ಪಾಲಿಗೆ ಯಾತ್ರೆ ಎಂದರೆ ಇದೇ. ಬ್ಲೂಸ್ ಗಾಯಕ ಮಿಸಿಸಿಪಿ ಜಾನ್ ಹರ್ಟ್‌ರ ಊರು. ಊರು ಎನ್ನಲು ಅಲ್ಲಿ ಏನೂ ಇಲ್ಲ. ಸಪಾಟು ನೆಲ ಮುಗಿದು ಗುಡ್ಡ ಏಳುವ ಕಡೆ ಒಂದು ಫಲಕ, ಕೆಲವು ಮನೆ, ಕಾಡು.

ಹರ್ಟ್ 1928ರಲ್ಲಿ ಒಕೆ ಎಂಬ ಧ್ವನಿಮುದ್ರಣ ಕಂಪನಿಗಾಗಿ ಮೆಂಫಿಸ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಹಾಡಿದರು. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಊರಿಗೆ ಮರಳಿ ಬೇರೆಯವರ ಹೊಲದಲ್ಲಿ ದುಡಿದರು, ದನ ಕಾದರು. ಹೀಗೆಯೇ ಮೂವತ್ತೈದು ವರ್ಷ. ನ್ಯೂಯಾರ್ಕ್‌ನಲ್ಲಿದ್ದಾಗ ಮನೆಯ ನೆನಪಾಗಿ “ಅವಲಾನ್ ನನ್ನ ಊರು” ಎಂದು ಹಾಡಿದ್ದ ಒಂದು ಸಾಲನ್ನು ಹಿಡಿದುಕೊಂಡು, ಹಳೆಯ ಅಟ್ಲಾಸ್‌ನಲ್ಲಿ ಊರನ್ನು ಪತ್ತೆಹಚ್ಚಿ, ಟಾಮ್ ಹಾಸ್ಕಿನ್ಸ್ ಎಂಬ ತರುಣ 1963ರಲ್ಲಿ ಅವರ ಮನೆಬಾಗಿಲಿಗೆ ಬಂದ. ಮುಂದಿನ ಮೂರು ವರ್ಷ ಅವರು ಸಾವಿರಾರು ಜನರ ಮುಂದೆ ನುಡಿಸಿದರು. 1966ರ ನವೆಂಬರ್‌ನಲ್ಲಿ ತೀರಿಕೊಂಡರು. ನಾವು ನೋಡುವ ಚಿತ್ರಗಳೆಲ್ಲ ಈ ಮೂರೇ ವರ್ಷಗಳ ಕೂಸುಗಳು.

ಅವುಗಳಲ್ಲಿ ನನಗೆ ಪ್ರಾಣವಾದದ್ದು ಜನಪದ ಗಾಯಕ ಪೀಟ್ ಸೀಗರ್ ನಡೆಸುತ್ತಿದ್ದ ದೂರದರ್ಶನ ಕಾರ್ಯಕ್ರಮದ್ದು. ನ್ಯೂಜೆರ್ಸಿಯ ಪುಟ್ಟ ಸ್ಟುಡಿಯೊ, ಸಭಿಕರಿಲ್ಲ. ಟೋಪಿ ತೊಟ್ಟ ಮುದುಕರು ನೆಂಟರ ಮನೆಗೆ ಬಂದವರ ಹಾಗೆ ಕುಳಿತಿದ್ದಾರೆ. ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಒಂದು, ಎರಡು, ಒಂದು, ಎರಡು ಎಂದು ಎತ್ತಿನ ಗಾಡಿಯಂತೆ ನಡೆಯುತ್ತದೆ. ಮೇಲಿನ ತಂತಿಗಳಲ್ಲಿ ಎರಡು ಬೆರಳು ಹಾಡನ್ನು ಹೇಳುತ್ತವೆ, ಬೇಕೆಂದಾಗ ಗಾಡಿಯಿಂದ ಅರ್ಧ ಹೆಜ್ಜೆ ಮುಂದೆ, ಬೇಡವೆಂದಾಗ ಹಿಂದೆ. ಮುಖದಲ್ಲಿ ಒಂದು ಗೆರೆ ಕದಲುವುದಿಲ್ಲ. ಪುಸ್ತಕದಲ್ಲಿ ಓದಿ ನನಗೆ ದಕ್ಕದ ಈ ಬೇರ್ಪಡುವಿಕೆ ಆ ಕೈಯನ್ನು ನೋಡನೋಡುತ್ತಾ ಒಂದು ಮಳೆಗಾಲದ ಸಂಜೆ ನನ್ನ ಕೈಗೆ ಬಂತು. ಅಂದು ಅತ್ತಿದ್ದೆ. ಆದರೆ ಕ್ಯಾಮೆರಾದವನು ಕೈ ಬಿಟ್ಟು ಮುಖಕ್ಕೆ ಹೋದಾಗಲೆಲ್ಲ ಇಂದಿಗೂ ನನಗೆ ಸಂಕಟವಾಗುತ್ತದೆ.

ಹರ್ಟ್ ಬಾಳಿದ ಮನೆಯನ್ನು ಅವರ ಮೊಮ್ಮಗಳು ಸಂಗ್ರಹಾಲಯವಾಗಿ ಕಾಪಾಡಿದ್ದರು. 2024ರ ಫೆಬ್ರವರಿಯಲ್ಲಿ ಅದು ಸುಟ್ಟುಹೋಯಿತು. ತಿಳಿದೇ ಬಂದಿದ್ದೆ. ಆದರೂ ಒಂದು ಜಗುಲಿಯಾದರೂ ಇರಲಿ ಎಂದು ಒಳಗೊಳಗೇ ಆಸೆ ಇತ್ತು. ಇರಲಿಲ್ಲ. ಗುಡ್ಡದ ಮೇಲೆ, ಮರಗಳ ನಡುವೆ ಅವರ ಸಮಾಧಿ. ಮಳೆ ಬಂದ ಮಣ್ಣುದಾರಿಯಲ್ಲಿ ಕಾರು ಹೋಗಲಾರದೆ ನಡೆದೇ ಹತ್ತಿದೆವು. ಕಲ್ಲಿನ ಮೇಲೆ ಯಾರೋ ಇಟ್ಟುಹೋದ ನಾಣ್ಯಗಳು, ಗಿಟಾರ್ ಮೀಟುಗಳು. ಹರ್ಟ್ ಬರಿ ಬೆರಳಲ್ಲಿ ನುಡಿಸಿದವರು, ಮೀಟು ಇಡುವುದು ನನಗೆ ಸರಿ ಎನ್ನಿಸಲಿಲ್ಲ. ಮೊಬೈಲ್‌ನಲ್ಲಿ ಅದೇ ಸ್ಟುಡಿಯೊ ದೃಶ್ಯವನ್ನು ಸಣ್ಣ ದನಿಯಲ್ಲಿ ಹಾಕಿದೆ. ತಂಗಿ ಪಕ್ಕದಲ್ಲಿ ಕುಳಿತು ಕೊನೆಯವರೆಗೆ ನೋಡಿದಳು.

“ಹೆಬ್ಬೆರಳು ಒಬ್ಬರದು, ಉಳಿದ ಬೆರಳು ಇನ್ನೊಬ್ಬರದು ಅನ್ನಿಸುತ್ತದೆ ಅಕ್ಕ” ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮೂರನೆಯ ದಿನ ದಕ್ಷಿಣಕ್ಕೆ, ಮ್ಯಾಡಿಸನ್ ಕೌಂಟಿಗೆ. 1978ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಆಲನ್ ಲೋಮ್ಯಾಕ್ಸ್, ಜಾನ್ ಬಿಷಪ್, ವರ್ತ್ ಲಾಂಗ್ ಮೂವರೂ ಮಿಸಿಸಿಪಿ ಸುತ್ತಿ ಹಳ್ಳಿಯ ಗಾಯಕರನ್ನು ಅವರವರ ಜಗುಲಿ, ಹೊಲ, ಅಂಗಳಗಳಲ್ಲೇ ಚಿತ್ರೀಕರಿಸಿದರು. ಕ್ಯಾಂಟನ್ ಹತ್ತಿರ ಕ್ಲೈಡ್ ಮ್ಯಾಕ್ಸ್‌ವೆಲ್ ಅವರ ಹೊಲದಲ್ಲಿ ಬೆಲ್ಟನ್ ಸದರ್‌ಲ್ಯಾಂಡ್ ಎಂಬುವರು ಗಿಟಾರ್ ಹಿಡಿದು ಕೆಲವೇ ಹಾಡು ಹಾಡಿದರು. ಮುದಿ ಹೇಸರಗತ್ತೆಯನ್ನು ಕೊಂದು, ಬಿಳಿಯನ ಕಣಜಕ್ಕೆ ಬೆಂಕಿ ಇಡುವ ಹಾಡೊಂದು ಅದರಲ್ಲಿದೆ. ದನಿಯಲ್ಲಿ ಸಿಟ್ಟು ಕೂಗುವುದಿಲ್ಲ, ಬೂದಿಯೊಳಗಿನ ಕೆಂಡದ ಹಾಗೆ ಇದೆ. 1983ರಲ್ಲಿ ಅವರು ತೀರಿಕೊಂಡರು. ಒಂದೂ ತಟ್ಟೆ ಹೊರಬಂದಿರಲಿಲ್ಲ. ಅಂದು ಆ ಕ್ಯಾಮೆರಾ ಬೇರೆ ದಾರಿ ಹಿಡಿದಿದ್ದರೆ ಇಂಥವರೊಬ್ಬರು ಇದ್ದರು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ರೂಲ್‌ವಿಲ್‌ನ ಯುವಕನಿಗೂ ಇವರಿಗೂ ನಡುವೆ ಇರುವ ಅಂತರ ಇಷ್ಟೇ: ಇವರ ಹೆಸರನ್ನು ಯಾರೋ ಕೇಳಿ ಬರೆದುಕೊಂಡರು. ಆ ಹೊಲವನ್ನು ಹುಡುಕಲು ನಾನು ಹೋಗಲಿಲ್ಲ. ಯಾರದೋ ಅಂಗಳಕ್ಕೆ ನುಗ್ಗುವುದು ಬೇಡವೆನ್ನಿಸಿತು. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಹಾಡನ್ನಷ್ಟೇ ಕೇಳಿದೆವು.

ಸಂಜೆ ಬೆಂಟೋನಿಯಾ. ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಹುಟ್ಟಿದ ಊರು. 1966ರಲ್ಲಿ ನ್ಯೂಪೋರ್ಟ್ ಜನಪದ ಸಂಗೀತೋತ್ಸವದ ವೇಳೆ ಲೋಮ್ಯಾಕ್ಸ್ ಹಳ್ಳಿಯ ಹೆಂಡದಂಗಡಿಯಂತೆ ಒಂದು ಕೋಣೆಯನ್ನು ಸಜ್ಜುಗೊಳಿಸಿ ಜೇಮ್ಸ್, ಸನ್ ಹೌಸ್, ಬುಕಾ ವೈಟ್, ಹೌಲಿನ್ ವುಲ್ಫ್ ಅವರನ್ನು ಚಿತ್ರೀಕರಿಸಿದರು. ಅದರಲ್ಲಿ ಜೇಮ್ಸ್‌ರ ನೀಳ ಬೆರಳುಗಳನ್ನು ನೋಡಬೇಕು. ಖಾಲಿ ತಂತಿಗಳನ್ನು ಸವರಿದರೂ ವಿಷಾದ ಸೂಸುವ ಮೈನರ್ ಸ್ವರಮೇಳವೇ ಹೊರಡುವ ಈ ಸೀಮೆಯ ಶ್ರುತಿ ಅವರ ಎತ್ತರದ ಕಂಠದೊಡನೆ ಸೇರಿದರೆ ಮೈ ತಣ್ಣಗಾಗುತ್ತದೆ.

ರೈಲು ಹಳಿಯ ಪಕ್ಕದ ಬ್ಲೂ ಫ್ರಂಟ್ ಕೆಫೆ 1948ರಿಂದ ಇದೆ. ಹೊರಗೆ ನಲವತ್ತರ ಆಸುಪಾಸಿನವರೊಬ್ಬರು ಕುರ್ಚಿ ಹಾಕಿಕೊಂಡು ಅದೇ ಶ್ರುತಿಗೆ ತಂತಿ ಬಿಗಿಯುತ್ತಿದ್ದರು. ದೊಡ್ಡವರಿಂದ ನೋಡಿ ಕಲಿತದ್ದು ಎಂದರು. ಚಿತ್ರೀಕರಿಸಬಹುದೇ ಎಂದು ಕೇಳಿದೆ. ತಲೆಯಾಡಿಸಿದರು. ತಂಗಿ ಮೊಬೈಲ್ ಎತ್ತಿದಳು.

“ಮುಖಕ್ಕೆ ಹೋಗಬೇಡ, ಹೆಬ್ಬೆರಳು ಕಾಣುವ ಹಾಗೆ ಹಿಡಿ” ಎಂದೆ ಅವಳಿಗೆ. ಆಮೇಲೆ ಅವರತ್ತ ತಿರುಗಿ, ನುಡಿಸುವ ಮೊದಲು ತಮ್ಮ ಹೆಸರನ್ನು ಹೇಳಬೇಕೆಂದು ಕೇಳಿಕೊಂಡೆ.

ಅವರು ಗಿಟಾರನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, ತಮ್ಮ ಪೂರ್ತಿ ಹೆಸರನ್ನೂ ಊರನ್ನೂ ಅಂದಿನ ತಾರೀಖನ್ನೂ ಬಿಡಿಸಿ ಬಿಡಿಸಿ ಹೇಳಿದರು. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹಾದುಹೋಗುವವರೆಗೆ ಕಾದು ಹೆಬ್ಬೆರಳನ್ನು ಕೆಳಗಿನ ತಂತಿಗೆ ಇಳಿಸಿದರು.