ಮುಲ್ಕಿಯ ಅಲೆ, ಆನೆಗೊಂದಿಯ ಮಾವ

ಗಂಗಾವತಿ ಕಡೆಯವರು ಸಮುದ್ರಕ್ಕೆ ಹೋಗೋದು ಅಂದ್ರೆ ಗೋಕರ್ಣ, ಮುರ್ಡೇಶ್ವರ. ಮೊದಲು ದೇವರು, ಆಮೇಲೆ ನೀರು. ನಾವು ಹೋದದ್ದು ಮಾತ್ರ ಮಂಗಳೂರು ಹತ್ತಿರದ ಮುಲ್ಕಿಗೆ, ಅದೂ ಸರ್ಫಿಂಗ್, ಅಂದ್ರೆ ಬೋರ್ಡಿನ ಮೇಲೆ ನಿಂತು ಅಲೆ ಸವಾರಿ ಮಾಡೋದನ್ನ ಕಲಿಯೋಕೆ. ಇದಕ್ಕೆಲ್ಲ ಕಾರಣ ನಮ್ಮ ಮಾವನ ಮಗ. ಬಳ್ಳಾರಿಯಲ್ಲಿ ಡಿಗ್ರಿ ಓದ್ತಿದ್ದಾನೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆದಾಗ ಸರ್ಫಿಂಗ್ ಸ್ಪರ್ಧೆಯನ್ನು 15 ಸಾವಿರ ಕಿಲೋಮೀಟರಿಗೂ ಆಚೆ, ತಹೀಟಿ ದ್ವೀಪದಲ್ಲಿ ಇಟ್ಟಿದ್ದರಲ್ಲ, ಅದನ್ನು ಮೊಬೈಲಿನಲ್ಲಿ ನೋಡಿ ತಲೆ ಕೆಡಿಸಿಕೊಂಡಿದ್ದ. ‘ಇಬ್ಬರಿಗೂ ಈಜು ಬಿಟ್ರೆ ಬುದ್ಧಿ ಇಲ್ಲ, ದೊಡ್ಡವರು ಒಬ್ರು ಜೊತೆಗಿರಬೇಕು’ ಅಂತ ಅತ್ತೆ ಹಟ ಹಿಡಿದರು. ಹಾಗಾಗಿ ಮಾವನೂ ಹೊರಟರು.

ಮಾವ ಆನೆಗೊಂದಿಯಲ್ಲಿ ಹರಗೋಲು ನಡೆಸುತ್ತಾರೆ. ತುಂಗಭದ್ರೆ ಬಿಟ್ಟರೆ ಬೇರೆ ನೀರಿನ ಮೇಲೆ ಅವರಿಗೆ ನಂಬಿಕೆ ಕಡಿಮೆ. ಸಮುದ್ರ ನೋಡಿದ್ದು ಅದೇ ಮೊದಲು. ನಾನು ಬರೆಯೋಕೆ ಕೂತಿರೋದೂ ಅವರಿಂದಾಗಿಯೇ.

ರಾತ್ರಿ ಬಸ್ಸು, ಬೆಳಗ್ಗೆ ಉಡುಪಿ, ಮುಲ್ಕಿಯಲ್ಲಿ ರೂಮು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಊಟದ ಬಗ್ಗೆ ಮಾತ್ರ ಒಂದು ಮಾತು. ನೀರುದೋಸೆ, ಬಂಗುಡೆ ಪುಳಿಮುಂಚಿಗೆ ನೂರಕ್ಕೆ ನೂರು. ಗೋಳಿಬಜೆಗೆ ಅಷ್ಟು ಮಾರ್ಕ್ಸ್ ಕೊಡಲಾರೆ. ನಮ್ಮ ಒಗ್ಗರಣೆ-ಮಿರ್ಚಿ ತಿಂದ ಬಾಯಿಗೆ ಅದು ಸಪ್ಪೆ. ಕುಚ್ಚಲಕ್ಕಿ ಅನ್ನವನ್ನು ಎರಡು ತುತ್ತು ತಿಂದ ಮಾವ, ‘ಇದು ಬೆಂದಿಲ್ಲ’ ಅಂತ ವಾಪಸ್ ಕಳಿಸೋಕೆ ಹೊರಟಿದ್ದರು. ಗಂಗಾವತಿ ಸೋನಾ ಮಸೂರಿ ತಿಂದ ಹೊಟ್ಟೆ, ಏನು ಮಾಡೋದು!

ಮೊದಲ ಪಾಠ ಹಾಳಾಯಿತು. ಫೋನಿನಲ್ಲಿ ಬುಕಿಂಗ್ ತಗೊಂಡವನು ‘ಆರಾಮಾಗಿ ತಿಂಡಿ ಮುಗಿಸಿ ಹತ್ತೂವರೆಗೆ ಬನ್ನಿ’ ಅಂದಿದ್ದ. ಹೋದರೆ ಸಮುದ್ರ ಪೂರ್ತಿ ಕದಡಿಹೋಗಿತ್ತು. ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಬರುವ ಅಲೆಗೆ ಅದು ಎದುರು ನಿಲ್ಲುತ್ತದೆ, ಅಲೆ ನಯವಾಗಿ ಎದ್ದು ನಿಧಾನಕ್ಕೆ ಒಡೆಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದಲೇ ಬರುತ್ತದೆ. ಆಗ ಅಲೆಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಕಲಿಯುವವರ ಬಾಯಿಗೆ ಉಪ್ಪುನೀರು ಹೋಗೋದೇ ಲಾಭ. ಇಷ್ಟು ಸಣ್ಣ ವಿಷಯ ದಿನಾ ಅಲ್ಲೇ ಇರುವವನಿಗೆ ಗೊತ್ತಿರಲಿಲ್ಲವೇ? ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ‘ಸಮುದ್ರ ನಮ್ಮ ಕೈಯಲ್ಲಿ ಇಲ್ಲ’ ಅಂದ. ಇವತ್ತಿಗೂ ಸಿಟ್ಟು ಬರುತ್ತದೆ. ಹೋಗುವವರು ಆರೂವರೆ, ಏಳು ಗಂಟೆಯ ಪಾಠವನ್ನೇ ಕೇಳಿ. ಹತ್ತು ಗಂಟೆ ಅಂದರೆ ಬೇರೆ ಕಡೆ ನೋಡಿ. ತುಂಬುತೋಳಿನ ಬಿಗಿ ಟೀಶರ್ಟೂ ಇರಲಿ. ಬೋರ್ಡಿನ ಮೇಲೆ ಮಲಗಿ ಮಲಗಿ ಹೊಟ್ಟೆಯ ಚರ್ಮ ಸುಲಿದು, ರಾತ್ರಿ ಬೋರಲು ಮಲಗೋಕೂ ಆಗಲಿಲ್ಲ ನನಗೆ.

ಮರುದಿನ ಬೇರೆ ಕೋಚ್ ಹಿಡಿದು ಬೆಳಕು ಹರಿಯುವ ಹೊತ್ತಿಗೆ ಸಸಿಹಿತ್ಲು ಸೇರಿದೆವು. ಹಳೆಯಂಗಡಿಯಿಂದ ಒಳಗೆ ಹೋಗಬೇಕು. ಶಾಂಭವಿ, ನಂದಿನಿ ಎರಡೂ ನದಿ ಕೂಡಿ ಸಮುದ್ರ ಸೇರುವ ಜಾಗ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಶುರುವಾದದ್ದು ಇಲ್ಲೇ. ಕೋಚ್ ಮೀನು ಹಿಡಿಯುವ ಮೊಗವೀರರ ಹುಡುಗ, ಮಾತಿಗಿಂತ ನಗು ಜಾಸ್ತಿ. ಮರಳಿನ ಮೇಲೆ ಮಲಗಿಸಿ, ಎದ್ದು ನಿಲ್ಲೋದನ್ನು ಹೇಳಿಕೊಡುತ್ತಿದ್ದ. ಮಾವ ಪಂಚೆ ಮೇಲೆ ಕಟ್ಟಿ ನೀರನ್ನೇ ನೋಡುತ್ತಾ ಕೂತಿದ್ದರು.

ಮಾವನ ಮಗ ಒಂದು ಜಾಗ ತೋರಿಸಿದ. ಎರಡೂ ಬದಿಗೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಸುಮ್ನೆ ಇತ್ತು. ‘ಅಲ್ಲಿಂದ ಇಳಿಯೋಣ, ಅಲೆನೇ ಇಲ್ಲ’ ಅಂದ.

ಕೋಚ್ ಬಾಯಿ ತೆರೆಯುವ ಮೊದಲೇ ಮಾವ ಕೂತಲ್ಲಿಂದ ಕೂಗಿದರು. ‘ಏ, ಅಲ್ಲಿ ಕಾಲಿಡಬ್ಯಾಡಲೇ. ಅಲ್ಲೆ ನೀರು ಒಳಗ ಹೊಂಟೈತಿ.’

ಕೋಚ್ ತಿರುಗಿ ನೋಡಿದ. ‘ಅಂಕಲ್, ನೀವು ಮೊದಲು ಸಮುದ್ರ ನೋಡಿಲ್ಲ ಅಂತ ಹೇಳಿದ್ದಲ್ವಾ? ಇದು ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ?’

‘ಬಣ್ಣ ನೋಡು. ಅಲ್ಲಿ ಕಪ್ಪಗೈತಿ, ಅಂದ್ರ ಆಳ ಐತಿ. ನೊರಿ ದಂಡಿಗೆ ಬರಾಕ ಹತ್ತಿಲ್ಲ, ಆ ಕಡಿ ಹೊಂಟೈತಿ. ನಮ್ಮ ಹೊಳಿಯಾಗೂ ಸುಮ್ಮನ ಇರೋ ನೀರಿಗೇ ಅಂಜಬೇಕು. ಸದ್ದು ಮಾಡೋ ನೀರಿನ ಬುಡಕ ಕಲ್ಲು ಐತಿ ಅಂತ ಗೊತ್ತಾಗ್ತೈತಿ. ಸುಮ್ಮನ ಇದ್ದದ್ದು ಏನು ಇಟಗೊಂಡೈತಿ ಗೊತ್ತಾಗಂಗಿಲ್ಲ.’

ಕೋಚ್ ಪಾಠ ಬಿಟ್ಟು ಮಾವನ ಪಕ್ಕ ಕೂತುಬಿಟ್ಟ. ನಾವಿಬ್ಬರೂ ಬೋರ್ಡ್ ಹಿಡಿದು ನಿಂತೇ ಇದ್ದೆವು. ಅದಕ್ಕೆ ರಿಪ್ ಅಂತಾರೆ ಅಂತ ಹೇಳಿದ. ಅಲೆಗಳು ದಂಡೆಗೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕು. ಎಲ್ಲಿ ಆಳವೋ ಅಲ್ಲಿಂದ ಒಟ್ಟಿಗೆ ಹರಿದು ಹೋಗುತ್ತದೆ. ಆಳ ಇರೋದಕ್ಕೇ ಅಲ್ಲಿ ಅಲೆ ಒಡೆಯಲ್ಲ. ಅಲೆ ಇಲ್ಲ ಅಂತ ಜನ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಂಡೆ ಕಡೆ ಈಜಬಾರದು, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಬೇಕು. ಪಳಗಿದ ಸರ್ಫರ್‌ಗಳು ಮಾತ್ರ ಬೇಕು ಅಂತಲೇ ಅದನ್ನು ಹಿಡಿದು, ಕೈ ನೋಯಿಸಿಕೊಳ್ಳದೆ ಅಲೆಯ ಆಚೆ ತಲುಪುತ್ತಾರೆ.

‘ನಾವೂ ಹಂಗ. ಸೆಳವಿಗೆ ಎದುರು ಹುಟ್ಟು ಹಾಕಂಗಿಲ್ಲ’ ಅಂದರು ಮಾವ. ಆಮೇಲೆ ಅವರಿಗೆ ಕಾಡುತ್ತಿದ್ದ ಪ್ರಶ್ನೆ ಬಂತು. ‘ಗಾಳಿನ ಇಲ್ಲ. ಮತ್ತ ಈ ಅಲಿ ಎಲ್ಲಿಂದ ಬಂತಪಾ?’

ಇಲ್ಲಿನ ಗಾಳಿಗೆ ಎದ್ದ ಅಲೆ ಅಲ್ಲ ಅದು, ದಕ್ಷಿಣಕ್ಕೆ, ಅಂಟಾರ್ಕ್ಟಿಕಾ ಕಡೆಯ ಸಮುದ್ರದಲ್ಲಿ ಬಿರುಗಾಳಿ ಎದ್ದರೆ ಆ ಅಲೆ ಎಷ್ಟೋ ದಿನ ನಡೆದು ಇಲ್ಲಿಗೆ ಬರುತ್ತದೆ ಅಂತ ಕೋಚ್ ಹೇಳಿದ. ಮಾವ ನಂಬೋದಿಲ್ಲ ಅಂದುಕೊಂಡೆ. ಅವರು ತಲೆ ಆಡಿಸಿದರು. ‘ಮಳಿ ಶಿವಮೊಗ್ಗದಾಗ ಆಗ್ತೈತಿ, ಹೊಳಿ ನಮಗ ಬರ್ತೈತಿ. ಹಂಗ ಅನ್ನು.’ 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿಯ ಕಥೆ ಅಲ್ಲಿಂದ ಶುರುವಾಯಿತು. ಅದನ್ನು ನಾನು ಸಾಕಷ್ಟು ಸಲ ಕೇಳಿದ್ದೇನೆ. ಕೋಚ್ ಬಾಯಿ ಬಿಟ್ಟುಕೊಂಡು ಕೇಳಿದ.

ಪಾಠವೂ ಆಯಿತು ಅನ್ನಿ. ಕಲಿಯುವವರಿಗೆ ಕೊಡೋದು ಎಂಟು-ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡು. ಬಾಲದ ಪಟ್ಟಿಯನ್ನು ಕಾಲಿಗೆ ಕಟ್ಟುತ್ತಾರೆ, ಬಿದ್ದರೆ ಬೋರ್ಡು ಕೈಬಿಟ್ಟು ಹೋಗಬಾರದಲ್ಲ. ಸೊಂಟದಷ್ಟು ನೀರಿನಲ್ಲಿ, ಒಡೆದು ಬರುವ ಬಿಳಿ ನೊರೆಯ ಮುಂದೆ ಕೋಚ್ ನಮ್ಮನ್ನು ತಳ್ಳುತ್ತಿದ್ದ. ಎದೆ ಎತ್ತು, ಕೈ ಪಕ್ಕೆಲುಬಿನ ಹತ್ತಿರ ಊರು, ಎರಡೂ ಕಾಲು ಒಂದೇ ಸಲ ಒಳಗೆ. ನಾನು ಮಂಡಿಯವರೆಗೆ ಬಂದು ಪ್ರತಿ ಸಲ ಎಡಕ್ಕೆ ಉರುಳುತ್ತಿದ್ದೆ. ಮಾವನ ಮಗ ಕೆಳಗೆ ಬೋರ್ಡನ್ನೇ ನೋಡುತ್ತಿದ್ದ. ‘ಕೆಳಗ ಏನು ನೋಡ್ತಿ, ಹೋಗೋ ಕಡಿ ನೋಡು’ ಅಂತ ದಂಡೆಯಿಂದ ಮಾವ. ಅವನು ತಲೆ ಎತ್ತಿದ, ನಿಂತ, ದಂಡೆಯ ಮರಳು ತಗಲುವವರೆಗೂ ನಿಂತೇ ಬಂದ. ಕೋಚ್ ಕೂಡ ಅದನ್ನೇ ಹೇಳೋಣ ಅಂತಿದ್ದನಂತೆ.

ಆಮೇಲೆ ಚಹಾ ಕುಡಿಯುತ್ತಾ ಮಾವ ಒಂದೊಂದೇ ಊರು ಕೇಳಿದರು. ಯಾವ ನೀರು ಯಾರಿಗೆ? ಕೋಚ್ ಹೇಳಿದ್ದರಲ್ಲಿ ನನಗೆ ನೆನಪಿರೋದು ಇಷ್ಟು. ಹೊಸಬರಿಗೆ ತಳದಲ್ಲಿ ಮರಳು ಇರಬೇಕು, ಅಲೆ ನಿಧಾನಕ್ಕೆ ಒಡೆಯಬೇಕು. ಮುಲ್ಕಿ-ಸಸಿಹಿತ್ಲು ದಂಡೆ, ಕಾಪು, ಗೋಕರ್ಣ, ಕೇರಳದ ಕೋವಳಂ ಮಳೆಗಾಲ ಮುಗಿದ ಮೇಲೆ ಹಾಗೆಯೇ. ಸ್ವಲ್ಪ ಪಳಗಿದವರಿಗೆ ನದಿ ಸೇರುವ ಅಳಿವೆಯ ಅಲೆ. ನದಿ ತಂದ ಮರಳಿನ ದಿಣ್ಣೆಯ ಮೇಲೆ ಅದು ಒಂದೇ ಬದಿಗೆ ಉದ್ದಕ್ಕೆ ಒಡೆಯುತ್ತಾ ಹೋಗುತ್ತದೆ. ಪ್ರತಿ ಮಳೆಗಾಲಕ್ಕೂ ದಿಣ್ಣೆ ಜಾಗ ಬದಲಿಸೋದರಿಂದ ಹೋದ ವರ್ಷದ ಅಲೆ ಈ ವರ್ಷ ಅಲ್ಲೇ ಇರುತ್ತೆ ಅಂತಿಲ್ಲ. ಚೆನ್ನೈ ಹತ್ತಿರದ ಕೋವೆಲಾಂಗ್, ಮಹಾಬಲಿಪುರಂ ಕೂಡ ಇಂಥವರಿಗೇ, ಕಲ್ಲು ಇರುವ ಕಡೆ ಹುಷಾರು. ಲಿಟಲ್ ಅಂಡಮಾನ್ ದ್ವೀಪದ ಕುಮಾರಿ ಪಾಯಿಂಟ್ ಪೂರ್ತಿ ಬಲ್ಲವರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅರಬ್ಬೀ ಸಮುದ್ರವೂ ಅಷ್ಟೇ, ಹೊಸಬರು ಕಾಲಿಡೋ ಹಾಗಿಲ್ಲ.

ರಮೇಶ್ ಬುದಿಹಾಳ ಅನ್ನುವ ಹೆಸರು ಬಂದಾಗ ನಾವು ಮೂರೂ ಜನ ಕಿವಿ ನೆಟ್ಟಗೆ ಮಾಡಿದೆವು. 2025ರಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದವರು, ಕೋವಳಂನವರು. ‘ಬುದಿಹಾಳ ಅಂದ್ರ ನಮ್ಮ ಕಡಿ ಹೆಸರು’ ಅಂತ ಮಾವನಿಗೆ ಖುಷಿಯೋ ಖುಷಿ. ಚಹಾದ ದುಡ್ಡು ಅವರೇ ಕೊಟ್ಟರು. ಅಪರೂಪ ಅದು.

ಹುಡುಗನಿಗೆ ಈಗ ಮಹಾಬಲಿಪುರಂ ಹುಚ್ಚು. ಅತ್ತೆಯ ಷರತ್ತು ಹಳೆಯದೇ, ಮಾವ ಜೊತೆಗಿರಬೇಕು. ಮಾವನದೂ ಒಂದು ಷರತ್ತು, ಸೀಸನ್‌ನಲ್ಲಿ ಹರಗೋಲು ಬಿಟ್ಟು ಬರಲ್ಲ. ಆದರೆ ಡ್ಯಾಮು ತುಂಬಿ ಹೊಳೆಗೆ ನೀರು ಬಿಟ್ಟರೆ ಹರಗೋಲು ಬಂದ್, ಅವರು ಖಾಲಿ. ಅದು ಹೆಚ್ಚಾಗಿ ಆಗಸ್ಟ್ ಹೊತ್ತಿಗೆ. ದಕ್ಷಿಣದ ಅಲೆ ಪೂರ್ವ ತೀರಕ್ಕೆ ಚೆನ್ನಾಗಿ ಬರೋದೂ ಆ ತಿಂಗಳಲ್ಲೇ. ಬುಕಿಂಗ್ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಪಾಠ ಎಷ್ಟು ಗಂಟೆಗೆ ಅಂತ ಕೇಳದೆ ಈ ಸಲ ಒಂದು ರೂಪಾಯಿ ಅಡ್ವಾನ್ಸೂ ಕಳಿಸಲ್ಲ.